ಎರಡು ತೂತಿನ ಸ್ಕ್ರೂ

೨೮-೯-೧೯೭೮
ಮುಂಜಾನಿ ಕಾಲಿವಿ ನೀರು ಅಳದೆ. ಮೂರು ಫೂಟು. ಹತ್ತಕ್ಕ ಸವದತ್ತಿಯಿಂದ ಫಿಟ್ಟರ್ ಬಂದ. ಹೆಚ್ಚಿನ ನೀರು ಹಳ್ಳಕ್ಕ ಬಿಡೂ ಗೇಟಿನ ಚಕ್ರಕ್ಕ ಕಬ್ಬಿಣದ ಮುಚ್ಚಳ ಹಾಕಿದ. ಹಳ್ಳದ ದಂಡಿ ಹೊಲದ ಕಾಡಪ್ಪ ತನ್ನ ಕಬ್ಬಿಗೆ ಕದ್ದು ತಿರವತಿದ್ದನಲ್ಲ, ಅದಕ್ಕ. ನಾಕು ಸ್ಕ್ರೂ. ತಲಿಮ್ಯಾಲ ಗೀರಿಲ್ಲ, ಬರೇ ಎರಡು ಸಣ್ಣ ತೂತು. ನನ್ನ ಸ್ಕ್ರೂಡ್ರೈವರ್ ಕೂಡೂದ ಇಲ್ಲ.
"ಇದರ ಕೀಲಿ?" ಅಂದೆ.
"ಒಂದ ಐತ್ರಿ. ಎಂಜಿನಿಯರ್ ಸಾಹೇಬ್ರ ಕಡೆ."
ಆರು ವರ್ಷದಿಂದ ನಾ ಇಲ್ಲಿ ಗೇಟ್‌ಮನ್. ನನ್ನ ಗೇಟು ನನಗ ತಗಿಯಾಕ ಬರೂದಿಲ್ಲ! ಎತ್ತಿಗೆ ಜಡ್ಡು, ಎಮ್ಮಿಗೆ ಬರಿ. ಸಿಟ್ಟು ನೆತ್ತಿಗೇರೈತಿ.

೨-೧೦
ಪಂಚರ್ ಹಚ್ಚಸಾಕ ಕಟಕೋಳದಾಗ ಬಾಳುನ ಸೈಕಲ್ ಅಂಗಡಿಗೆ ಹ್ವಾದೆ. ಸ್ಕ್ರೂ ಸುದ್ದಿ ಬಾಯಿಬಿಟ್ಟೆ.
"ಸೈಕಲ್ ಕಡ್ಡಿ ಎರಡು ಸಾಣಿ ಹಿಡದು ಕೀಲಿ ಮಾಡಿ ಕೊಡ್ಲೇನ್ರಿ ಯಪ್ಪಾ? ಗೇಟು ತಗಿಯಾಕ ಬರದ ಕಾಲಿವಿ ಒಡ್ಡು ಒಡದ್ರ ಮೊದಲ ಹೋಗೂದು ನಮ್ಮ ಕೇರಿ."
"ಸರಕಾರಿ ಮಾಲಲೇ! ಕಳ್ಳ ಕೀಲಿ ಮಾಡಾವ ಬಂದ ನೋಡು!"
ಹತ್ತು ಮಂದಿ ಮುಂದ ಬಯ್ದೆ. ಪಂಚರ್ ಹಚ್ಚಿ ಕೊಟ್ಟ.

೧೦-೧೦, ಖಂಡೇನವಮಿ. ಮುಂಜಾನಿ ೧೧
ಎರಡು ದಿನದಿಂದ ಮಳಿ. ಐದೂವರಿ ಫೂಟು. ಆರು ಫೂಟಿಗೆ ಒಡ್ಡಿನ ಎತ್ತರ ಮುಗೀತು — ಬುಡಕ್ಕ ಬಾಳುನ ಕೇರಿ, ಮೂವತ್ತು ಮನಿ. ಅವನ ಅವ್ವ ಕೃಷ್ಣವ್ವ ಹಾಸಗಿ ಹಿಡದಾಳ, ಏಳಾಕ ಬರೂದಿಲ್ಲ.
ಪಂಚಾಯ್ತಿ ಚೇರಮನ್ರ ಮನಿಯಿಂದ ಸವದತ್ತಿಗೆ ಫೋನ್ ಹಚ್ಚಿದೆ. ಸಾಹೇಬ್ರು ಹಬ್ಬಕ್ಕ ಊರಿಗೆ ಹೋಗ್ಯಾರ. ಕೀಲಿ ಅವರ ಕಿಸೇದಾಗ.
ಕಮ್ಮಾರ ಶಟ್ಟೆಪ್ಪನ ಕಡೆ ಓಡಿದೆ. ಸುತ್ತಗಿ, ಇಕ್ಕಳ, ಅರ ಎಲ್ಲಾ ಪೂಜಿಗೆ ಕುಂತಾವ. "ನಾಳಿ ಬರ್ರಿ, ಬನ್ನಿ ಮುಡದ ಮ್ಯಾಲ. ಇವತ್ತು ಹತಾರ ಮುಟ್ಟಿದ್ರ ಕೈ ಬೀಳತಾವು."
ಮನ್ಯಾಗೂ ಅದ. ನಟ್ಟು ಹಿಡದು ತಿರವೂ ನನ್ನ ದೊಡ್ಡ ಪಕ್ಕಡಕ್ಕ ಹೆಂಡ್ತಿ ಸುಂದರವ್ವ ಕುಂಕುಮ ಹಚ್ಚಿ ಕಾಯಿ ಒಡದಾಳ. ನಾನೂ ಮುಟ್ಟಲಿಲ್ಲ. ಹೇಡಿ ನನ್ನ ಮಗ. ಗೇಟಿಗೆ ಹೋಗಿ ಸ್ಕ್ರೂ ತೂತಿಗೆ ಮೊಳಿ ಇಟ್ಟು ಕಲ್ಲಿಲೆ ಬಡದೆ... ಮೊಳಿ ಬಾಗಿತು.

ಮಧ್ಯಾಹ್ನ ೩
ಕೆಸರ ಕೈಲೇ ಬರಿಯಾಕ ಹತ್ತೇನಿ.
ಊರಾಗ ತಗದಿದ್ದು ಬಾಳುನ ಅಂಗಡಿ ಒಂದ. "ನಾವು ಬೌದ್ಧರ್ರಿ, ಹತಾರ ಪೂಜಿ ಇಲ್ಲ. ನಮ್ಮ ಹಬ್ಬ ನಾಳಿ, ಬೌದ್ಧ ಧರ್ಮದ ದೀಕ್ಷಾ ದಿನ" ಅಂದ. ಡಬ್ಬಿಯಿಂದ ಕೀಲಿ ತಗದ. "ನೀವು ಬಯ್ದ ದಿನಾನ ಮಾಡಿಟ್ಟೇನ್ರಿ."
ಇಬ್ರೂ ಗೇಟಿಗೆ ಓಡಿದ್ವಿ.
ಎರಡು ಸ್ಕ್ರೂ ಬಂದ್ವು. ಮೂರನೇದಕ್ಕ ಕೀಲಿ ಹಲ್ಲು ಮುರೀತು. ನೀರು ಒಡ್ಡಿನ ತುದಿಗೆ ಎರಡ ಬಟ್ಟು ಕಡಿಮಿ. "ತೂತಿಗೆ ಕಡ್ಡಿ ತುಂಡು ತುರಕಿ ತಿರವೂನ್ರಿ. ದೊಡ್ಡ ಪಕ್ಕಡ ಬೇಕು, ನನ್ನ ಕಡೆ ಇಲ್ಲ."
ಮನಿಗೆ ಓಡಿದೆ. ಪೂಜಿಯೊಳಗಿಂದ ಪಕ್ಕಡ ಎತ್ತಿದೆ.
"ಅಯ್ಯ ಶಿವನ! ದೇವ್ರಿಗಿಟ್ಟದ್ದು!" ಸುಂದರವ್ವ ಚೀರಿದ್ಲು.
"ಮಂದಿ ಸಾಯತಾರಲೇ!"
ಮೂರನೇದು ಬಂತು. ನಾಕನೇದೂ ಬಂತು. ಇಬ್ರೂ ಕೂಡಿ ಚಕ್ರ ತಿರವಿದ್ವಿ. ನೀರು ಹಳ್ಳಕ್ಕ ಹಾರಿತು. ಬಾಳು ಅಲ್ಲೇ ಕೆಸರಾಗ ಕುಂತು ಅತ್ತ. ನಾನೂ ಅತ್ತೆ.

೧೧-೧೦
ಸಾಹೇಬ್ರು ಬಂದಾರ. ಬಿಚ್ಚಿದ ಸ್ಕ್ರೂ ನೋಡಿ ಮಾರಿ ಕೆಂಪಾತು.
"ಕೇರಿ ಉಳೀತಲ್ರಿ" ಅಂದೆ.
"ಅದು ಬ್ಯಾರೆ ಮಾತು. ಕಳ್ಳ ಕೀಲಿ ಯಾರು ಮಾಡಿದ್ರು? ಹೆಸರು ಬರದ ಕೊಡು, ಪೊಲೀಸ್ ಫೌಜದಾರ್ರ ಕಡೆ ಕಳಸತೇನಿ."
ಕಳ್ಳ ಕೀಲಿ. ನಾ ಆಡಿದ್ದ ಮಾತು.
ಬಾಳು ಹೊರಗ ನಿಂತಾನ. ಹಬ್ಬದ ಬಿಳಿ ಅಂಗಿ ಹಾಕ್ಯಾನ. ಅವಗ ಕೊಡಾಕಂತ ತಂದ ಬನ್ನಿ ಎಲಿ ಇನ್ನೂ ನನ್ನ ಕಿಸೇದಾಗ ಅದಾವ. ನೌಕರಿ ಹೋಗತೈತಿ, ಅಂಜಿಕಿ ಆಗೇತಿ. ಸಾಹೇಬ್ರು ಕರಿಯಾಕ ಹತ್ಯಾರ. ಮೊದಲ ಇಲ್ಲೇ ಬರದು ನೋಡತೇನಿ —

"ಸಾಹೇಬರ ಸೇವೆಗೆ. ಸದರಿ ಕೀಲಿ ಮಾಡಿದವನೂ ನಾನೇ, ಸ್ಕ್ರೂ ಬಿಚ್ಚಿದವನೂ ನಾನೇ. ಬಾಳುನದು ಇದರಲ್ಲಿ ಏನೂ ಇಲ್ಲ."