ದೋಣಿಯ ಕೆಂಪು ಪಟ್ಟಿಗಳು

ಏಪ್ರಿಲ್ 3, ಗುರುವಾರ

ಇವತ್ತೂ ದೋಣಿಯ ಕೆಲಸವೇ. ಎಡಬದಿಯ ಕೆಂಪು ಪಟ್ಟಿ ಪೂರ್ತಿ ಕಿತ್ತಾಯಿತು. ಹೇರ್ ಡ್ರೈಯರ್ ಹಿಡಿದರೆ ಸ್ಟಿಕರ್ ಮೆತ್ತಗಾಗುತ್ತದೆ. ಉಗುರಿನಿಂದ ತುದಿ ಎಬ್ಬಿಸಿ ನಿಧಾನಕ್ಕೆ ಎಳೆಯಬೇಕು. ಆರು ವರ್ಷ ನಮ್ಮೂರು ಮಹ್ದಿಯಾದ ಕಡಲ ಬಿಸಿಲು ತಿಂದಿದೆ; ಅವಸರಪಟ್ಟರೆ ಈರುಳ್ಳಿ ಸಿಪ್ಪೆಯ ಹಾಗೆ ಪುಡಿ ಪುಡಿ.

ನಮ್ಮವರಿಗೆ ಕಣ್ಣಿನ ಪೊರೆ ಆಪರೇಷನ್ ಆಗಿ ಒಂದು ವಾರ. ಬಿಸಿಲಿಗೆ ಬರುವಂತಿಲ್ಲ. ಮನೆಯಲ್ಲೇ ಕೂತು ಗೊಣಗಾಟ — ಪಟ್ಟಿ ಯಾಕೆ ಕೀಳುತ್ತೀ, ಅದರ ಮೇಲೇ ಬಣ್ಣ ಹೊಡೆ ಅಂತ. ಹಳೇ ಸ್ಟಿಕರ್ ಮೇಲೆ ಬಣ್ಣ ನಿಲ್ಲುತ್ತದೆಯೇ? ಮೂವತ್ತು ವರ್ಷ ಮೀನು ಹಿಡಿದವರಿಗೆ ನಾನು ಹೇಳಿಕೊಡಬೇಕು.

ಏಪ್ರಿಲ್ 4

ಬಲಬದಿ. ಪಟ್ಟಿಯ ಕೆಳಗೆ ಬಿರುಕು. ನನ್ನ ಗೇಣಿಗಿಂತ ಉದ್ದ. ಬೆರಳಿಟ್ಟು ಒತ್ತಿದೆ — ಒಳಕ್ಕೆ ಹೋಯಿತು. ಮೀನು ತುಂಬಿದಾಗ ನೀರಿನೊಳಗಿರುವ ಜಾಗ. ಮರಳ ಮೇಲೆ ಕೂತುಬಿಟ್ಟೆ.

ಆರು ವರ್ಷದ ಹಿಂದೆ ದೋಣಿ ಬಂಡೆಗೆ ತಾಗಿತ್ತು. ದೋಣಿ ರಿಪೇರಿಯ ಫರ್ಜಾನಿ ನೋಡಿ, ಪೆಟ್ಟಾದ ಭಾಗ ಕೊಯ್ದು ತೆಗೆದು ಹೊಸದಾಗಿ ಕಟ್ಟಲೇಬೇಕು ಅಂದರು. ಕೆಲಸ ಗಿಟ್ಟಿಸಲು ಸುಳ್ಳು ಹೇಳುತ್ತಾನೆ ಅಂತ ನಮ್ಮವರು, ಹೆದಿ, ಬಂದರಿನಲ್ಲಿ ಎಲ್ಲರೆದುರು ಬೈದರು. ಅವರಿಬ್ಬರ ಮಾತು ನಿಂತಿತು. ಫರ್ಜಾನಿಯ ಹೆಂಡತಿ ಝೊಹ್ರಾ ನನ್ನ ಗೆಳತಿ... ನಾನೂ ಅವಳ ಮನೆಗೆ ಹೋಗುವುದು ಬಿಟ್ಟೆ. ಅದೇ ವಾರ ಈ ಪಟ್ಟಿ ಬಂತು. ಅಂದಕ್ಕೆ ಅಂದರು ನಮ್ಮವರು. ನೇರ ಬರಲೆಂದು ದಾರ ಹಿಡಿದವಳು ನಾನೇ.

ಆಮೇಲೆ ಇಷ್ಟು ವರ್ಷ ಗಂಡ ಹೆಂಡತಿ ಇಬ್ಬರೂ ಇದರಲ್ಲೇ ಮೀನಿಗೆ ಹೋಗಿ ಬಂದೆವು. ದೇವರು ಕೈ ಬಿಡಲಿಲ್ಲ.

ಸಂಜೆ

ಬಿರುಕು ಮೊದಲೇ ಗೊತ್ತಿತ್ತೇ ಅಂತ ನಮ್ಮವರನ್ನು ಕೇಳಿದೆ.

"ಆಗ ಕೂದಲೆಳೆಯಷ್ಟಿತ್ತು ಕಣೇ. ಒಳಗಿಂದ ನಾನೇ ಏನೋ ಮೆತ್ತಿದೆ. ಆಮೇಲೆ ಹೇಳೋಕೆ ಮುಖ ಇರ್ಲಿಲ್ಲ."

ಕಣ್ಣಿಗೆ ಔಷಧಿ ಬಿಟ್ಟು ಎದ್ದು ಬಂದೆ.

ಏಪ್ರಿಲ್ 8

ಇಷ್ಟು ದಿನ ಬರೆಯಲಿಲ್ಲ. ಮಾತೂ ಆಡಲಿಲ್ಲ.

ಬೆಳಿಗ್ಗೆ ಅವರೇ ಕಪ್ಪು ಕನ್ನಡಕ ಹಾಕಿಕೊಂಡು, ನನ್ನ ತೋಳು ಹಿಡಿದು, ಫರ್ಜಾನಿಯ ಶೆಡ್ಡಿಗೆ ನಡೆದರು. ಒಳಗೆ ನಾಲ್ಕೈದು ಜನ. ಒಳ್ಳೆಯದೇ ಆಯಿತು ಅಂದರು ಹೆದಿ.

"ನೀನು ಹೇಳಿದ್ದೇ ನಿಜ ಫರ್ಜಾನಿ. ನಂಗೆ ಅವತ್ತೇ ಗೊತ್ತಿತ್ತು. ಎಲ್ಲರೆದುರು ಸುಳ್ಳುಗಾರ ಅಂದೆ, ಎಲ್ಲರೆದುರೇ ಕ್ಷಮೆ ಕೇಳ್ತೀನಿ."

ಫರ್ಜಾನಿ ಉಜ್ಜುಕಾಗದ ಕೆಳಗಿಟ್ಟರು. "ಪೊರೆ ತೆಗೆಸೋವರೆಗೂ ಕಾಣಲಿಲ್ವೇನೋ ನಿಂಗೆ?"

ಯಾರೋ ನಕ್ಕರು. ನಮ್ಮವರೂ. ಆಮೇಲೆ ಫರ್ಜಾನಿ ನನ್ನ ಕಡೆ ತಿರುಗಿ ಮೆಲ್ಲಗೆ ಅಂದರು: "ನೀನೂ ಇರ್ತಿದ್ಯಲ್ಲ ಮೊಂಜಿಯಾ ಅದರಲ್ಲಿ. ನಿಮ್ಮ ದೋಣಿ ವಾಪಸ್ ಬರೋದನ್ನ ನೋಡಿಯೇ ನಾನು ಶೆಡ್ಡು ಮುಚ್ತಿದ್ದೆ, ದಿನಾ."

ಆರು ವರ್ಷ. ನಾನು ಒಂದು ದಿನವೂ ತಿರುಗಿ ನೋಡಿರಲಿಲ್ಲ.

ಏಪ್ರಿಲ್ 17

ಫರ್ಜಾನಿ ಬಿರುಕು ಕೊಯ್ದು, ಹೊಸ ಫೈಬರ್ ಹಾಕಿ ಕಟ್ಟಿದ್ದಾರೆ. ಕಲ್ಲಿನಂತಿದೆ. ಉಳಿದ ಅಂಟು ತೆಗೆಯಲು ಝೊಹ್ರಾ ಬಂದಳು. ಸೀಮೆಎಣ್ಣೆ, ಹಳೇ ಬಟ್ಟೆ. ಪಟ್ಟಿ ಇದ್ದಲ್ಲಿ ಅಚ್ಚ ಬಿಳಿ, ಸುತ್ತ ಹಳದಿ. ಅವಳ ಅಮ್ಮ ತೀರಿಹೋದಾಗ ನಾನು ಹೋಗಿರಲಿಲ್ಲ. ಅದನ್ನೇ ಹೇಳಲು ಬಟ್ಟೆ ಕೆಳಗಿಟ್ಟೆ.

"ಉಜ್ಜೇ, ಉಜ್ಜು. ಅಂಟು ಒಣಗತ್ತೆ" ಅಂದಳು. ಅವಳ ಕಣ್ಣಲ್ಲೂ ನೀರು.

ಏಪ್ರಿಲ್ 20, ಬೆಳಿಗ್ಗೆ ಆರು

ಡಾಕ್ಟರು ಸಮುದ್ರಕ್ಕೆ ಹೋಗಬಹುದು ಅಂದಿದ್ದಾರೆ. ನಮ್ಮವರ ಮೇಲೆ ಸಿಟ್ಟು ಇನ್ನೂ ಸ್ವಲ್ಪ ಇದೆ — ಇರಲಿ. ಆದರೂ ಎದೆ ತುಂಬಿದೆ. ಯಾರ್ಯಾರಿಗೆ ಋಣಿ ಅಂತ ಬರೆಯಲು ಕೂತರೆ ಹೊತ್ತಾಗುತ್ತದೆ. ಮಧ್ಯಾಹ್ನ ಝೊಹ್ರಾ, ಫರ್ಜಾನಿ ಇಬ್ಬರೂ ಊಟಕ್ಕೆ ನಮ್ಮಲ್ಲಿ. ಕುಸ್ಕುಸ್ ರವೆಯ ಅಡುಗೆಗೆ ಒಳ್ಳೇ ಮೀನು ಸಿಗಬೇಕು, ಸಿಗದಿದ್ದರೆ... ಕರೆಯುತ್ತಿದ್ದಾರೆ. ಎಂಜಿನ್ ಶುರುವಾಯಿತು. ಹೊರಟೆ, ಚಾಕು ಎಲ್ಲಿ —