ಬಿರುಕು ನೋಡುವವರು

ಮಗಳೇ,

ಸೋಮವಾರ ನಮ್ಮ ಬಾಟಲಿ ಕಾರ್ಖಾನೆಗೆ ಬಿರುಕು ಹಿಡಿಯುವ ಕ್ಯಾಮೆರಾ ಯಂತ್ರ ಕೂರಿಸಲು ಬರುವವಳು ನನ್ನ ಮಗಳೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗುವುದೂ ಬೇಡ. ಹಿಂದಿನ ಗೇಟಿನಿಂದ ಬಾ. ದೀಪದೆದುರು ಬಾಟಲಿ ಹಿಡಿದು ಬಿರುಕು ಹುಡುಕುವ ನಾವೆಲ್ಲ ಮುಂದಿನ ಗೇಟಿಗೆ ಅಡ್ಡ ನಿಂತಿರುತ್ತೇವೆ. ಘೋಷಣೆ ಕೂಗಿಸುವವನು ನಾನೇ. ನನ್ನ ಗಂಟಲು ನಿನಗೆ ಗೊತ್ತಲ್ಲ. ಒಳಗೆ ಎದುರಾದರೆ ಅಪ್ಪಿತಪ್ಪಿಯೂ ಅಪ್ಪಾ ಅನ್ನಬೇಡ.

ಬಿರುಕು ಎಂದರೇನೆಂದು ಯಂತ್ರಕ್ಕೆ ಕಲಿಸಲು ನಿನಗೆ ನಮ್ಮಲ್ಲೊಬ್ಬರು ಬೇಕು. "ಕೈ ಮುರಿದ್ರೂ ಒಂದ್ ಬಾಟ್ಲಿನೂ ತೋರ್ಸಲ್ಲ" ಎಂದು ಎಲ್ಲರೂ ಆಣೆ ಮಾಡಿದ್ದಾರೆ. ಮಾಡಿಸಿದವನೂ ನಾನೇ. ಯಂತ್ರ ಕಲಿಯದೆ ವಾಪಸಾದರೆ ನಿನ್ನ ಮೊದಲ ಕೆಲಸವೂ ಅದರ ಜೊತೆಗೇ ಹೋಗುತ್ತದೆ ಎಂದು ಫೋನಿನಲ್ಲಿ ಹೇಳಿದ್ದೆಯಲ್ಲ.

ಭಾನುವಾರ ನಾವೆಲ್ಲ ಸಭೆಯಲ್ಲಿರುವಾಗ ಮನೆಗೆ ಬಂದು ಹೋಗು. ಮಂಚದ ಕೆಳಗಿನ ಗೋಣಿಚೀಲದಲ್ಲಿ ಬಿರುಕುಬಿಟ್ಟ ಬಾಟಲಿಗಳಿವೆ. ಯಾವುದು ಎಂಥ ಬಿರುಕು ಎಂದು ಒಂದೊಂದಕ್ಕೂ ಚೀಟಿ ಅಂಟಿಸಿದ್ದೇನೆ. ಹುಷಾರಾಗಿ ಎತ್ತು, ಕೈ ಕುಯ್ದುಕೊಂಡೀಯ. ಅಮ್ಮನಿಗೆ ಗುಜರಿ ಸಾಮಾನು ಎಂದಿದ್ದೇನೆ.

ನನ್ನ ನೌಕರಿ ಮುಗಿಯುತ್ತ ಬಂತು, ನಿನ್ನದು ಈಗಷ್ಟೇ ಶುರು. ಅಷ್ಟರ ಮಟ್ಟಿಗೆ ಲೆಕ್ಕ ಸರಿಯಾಗಿಯೇ ಕೂಡುತ್ತದೆ. ನನ್ನನ್ನು ನಂಬಿ ಪಕ್ಕದಲ್ಲಿ ನಿಂತು ಕೂಗುವವರನ್ನು ಯಾವ ಕಡೆ ಬರೆಯಬೇಕೆಂದು ಮಾತ್ರ ತಿಳಿಯುತ್ತಿಲ್ಲ.

ಓದಿ ಹರಿದುಹಾಕು.

ನಿನ್ನ ಅಪ್ಪ