ಉಪ್ಪುಗಾಳಿಗೆ ಮುರಿಯದ ಗಿಡ

ಪ್ಯಾಸ್ಕೋ,

ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು, ತಪ್ಪುಗಳೂ ಇರುತ್ತವೆ, ಬೇಸರಪಡಬೇಡ. ನಿನ್ನ ಕೈಸೇರದ ಕಾಗದವಾದ್ದರಿಂದಲೇ ಇಷ್ಟು ಧೈರ್ಯ.

ಹೋದ ತಿಂಗಳು ನೀನು ಮೀನಿಗೆಂದು ದೋಣಿ ಹತ್ತಿದ ಮೇಲೆ ನಿನ್ನ ಹೆಂಡತಿ ಕೆಜಾಯ ನಮ್ಮ ಗೋಡೆಯ ಹತ್ತಿರ ಬಂದಿದ್ದಳು.

"ಅಕ್ಕಾ, ನಾನು ನೆಟ್ಟ ನೀಲಿ ಹೂವಿನ ಗಿಡ ಎಲ್ಲಾ ಗಾಳಿಗೆ ಮುರಿದುಬಿದ್ವು. ಇಲ್ಲಿ ವರ್ಷವರ್ಷವೂ ಹೂ ಬಿಡೋ ಗಿಡ ಯಾವುದು? ಅವಳನ್ನೇ ಕೇಳು ಅಂದ್ರು ಇವರು."

ಇವರಂತೆ!

"ಉದ್ದ ಬೆಳೆಯೋದು ಯಾವುದೂ ಇಲ್ಲಿ ನಿಲ್ಲಲ್ಲ ಕಣಮ್ಮ," ಎಂದೆ. ಅವಳು ನಿನ್ನಷ್ಟೇ ಎತ್ತರ.

ನೀನೂ ನಾನೂ ಬಂಡೆಯ ಸಂದಿಯಿಂದ ತಂದು ನೆಟ್ಟಿದ್ದೆವಲ್ಲ, ಗುಲಾಬಿ ಗುಂಡುಹೂವಿನ ಥ್ರಿಫ್ಟ್, ಅದರ ಬುಡದಿಂದಲೇ ಒಂದು ಹಿಡಿ ಬಿಡಿಸಿ ಕೊಟ್ಟೆ. ಗಿಡ ಕೊಟ್ಟವರಿಗೆ ಥ್ಯಾಂಕ್ಸ್ ಹೇಳಿದರೆ ಅದು ಬೇರು ಹಿಡಿಯುವುದಿಲ್ಲವೆಂದು ನಮ್ಮ ಕಾರ್ನ್‌ವಾಲ್ ಕರಾವಳಿಯ ಮಕ್ಕಳಿಗೂ ಗೊತ್ತು. ಅವಳು ಒಳನಾಡಿನವಳು, ಅದು ತಿಳಿಯದೆ ನನ್ನ ಕೈ ಹಿಡಿದು ಎರಡೆರಡು ಸಲ ಥ್ಯಾಂಕ್ಸ್ ಹೇಳಿದಳು. ನಾನು ತಡೆಯಲಿಲ್ಲ. ಒಳಗೆ ಬಂದು ಒಬ್ಬಳೇ ನಕ್ಕೆ.

ಇವತ್ತು ಬೆಳಿಗ್ಗೆ ಅವಳು ನೀರಿಗೆ ಹೋಗಿದ್ದಾಗ ನಿಮ್ಮ ಬಾಗಿಲ ಮುಂದೆ ಕೂತು ಆ ಗಿಡವನ್ನು ಎರಡು ಬೆರಳಲ್ಲಿ ಎಳೆದು ನೋಡಿದೆ. ಕಚ್ಚಿಕೊಂಡು ನಿಂತಿತ್ತು. ಕದಲಿದ ಮಣ್ಣನ್ನು ಒತ್ತಿ ಎದ್ದು ಬಂದೆ.